ತೋಟದ ಕೆರೆಯಲ್ಲಿ ಮಕ್ಕಳಿಗೆ ಈಜು: ಕಲಿಸುವ ದೊಡ್ಡವರಿಗೆ

ಏಪ್ರಿಲ್ ಬಂತೆಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳಿಗೆ ಮಂಗಳೂರಿನಿಂದ, ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಊರಿನ ಮಕ್ಕಳಿಗೂ ಮೇ ಮುಗಿಯುವವರೆಗೆ ರಜೆ. ಎರಡು ದಿನ ಗೇರುಹಣ್ಣು, ಕಾಟುಮಾವು ಎಂದು ಸುತ್ತಿದ ಮೇಲೆ ಎಲ್ಲರ ಕಣ್ಣೂ ಕೆರೆಯ ಮೇಲೆ. ದಿನಕ್ಕೆ ಅರ್ಧ ಮುಕ್ಕಾಲು ಗಂಟೆಯಂತೆ ಮೂರು ವಾರ ತಪ್ಪದೆ ನೀರಿಗಿಳಿಸಿದರೆ, ಆರು ವರ್ಷ ದಾಟಿದ ಹೆಚ್ಚಿನ ಮಕ್ಕಳು ತೇಲಿ, ಮಗುಚಿ, ಹತ್ತಿಪ್ಪತ್ತು ಮೀಟರ್ ಈಜಿ ದಡ ಸೇರುವಷ್ಟು ಕಲಿಯುತ್ತಾರೆ. ಕ್ರಮ ಮಾತ್ರ ಸರಿಯಿರಬೇಕು. ನಮ್ಮ ಕಡೆ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿ ‘ಬಡಿ ಕೈ, ಬಡಿ ಕಾಲು’ ಎಂದು ಶುರುಮಾಡುವುದು ರೂಢಿ. ಅದು ತಲೆಕೆಳಗಾದ ಕ್ರಮ. ಮೊದಲು ಉಸಿರು, ಆಮೇಲೆ ತೇಲುವುದು, ಆಮೇಲೆ ತೇಲಿದಲ್ಲಿಂದ ಎದ್ದು ನಿಲ್ಲುವುದು. ಕೈಕಾಲು ಬಡಿಯುವುದು ಇವೆಲ್ಲ ಬಂದ ಮೇಲೆ.

ಯಾವ ನೀರು ಆದೀತು, ಯಾವುದು ಆಗದು

ಕಲಿಯಲು ಬೇಕಾದದ್ದು ಒಂದು ಬದಿಗೆ ಮೆಟ್ಟಿಲಿರುವ, ಮೆಟ್ಟಿಲ ಬುಡದಲ್ಲಿ ಮಗುವಿನ ಸೊಂಟದಿಂದ ಎದೆಯವರೆಗೆ ನೀರಿರುವ, ತಳ ಗಟ್ಟಿಯಿರುವ ಕೆರೆ. ಮುರಕಲ್ಲು ಕಟ್ಟಿದ ಹಳೆಯ ತೋಟದ ಕೆರೆಗಳಲ್ಲಿ ಮಾರ್ಚ್ ಕೊನೆಗೆ ನೀರು ಇಳಿದು ಇಂಥ ಜಾಗ ತಾನಾಗಿಯೇ ಸಿಗುತ್ತದೆ. ಪಂಪು ಹಾಕುವ ದಿನಗಳಲ್ಲಿ ನೀರಿನ ಮಟ್ಟ ಬೆಳಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಆದ್ದರಿಂದ ಆಳವನ್ನು ದಿನವೂ ನೋಡಬೇಕು. ಬಿದಿರಿನ ಗಳೆಯೊಂದಕ್ಕೆ ಅರ್ಧ ಅಡಿಗೊಂದರಂತೆ ಬಣ್ಣದ ಗೀಟು ಹಾಕಿಟ್ಟರೆ ಅರೆನಿಮಿಷದ ಕೆಲಸ.

ಕಲ್ಲು ಕಡಿದು ಬಿಟ್ಟ ಕೋರೆ ಬೇಡವೇ ಬೇಡ. ನೀರು ತಿಳಿಯಾಗಿ ಹಸಿರಾಗಿ ಚಂದ ಕಾಣುತ್ತದೆ ನಿಜ. ಆದರೆ ಕಲ್ಲನ್ನು ನೇರ ಗೋಡೆಯಂತೆ ಕಡಿದಿರುವುದರಿಂದ ದಡದಲ್ಲಿ ಕಾಲಿಡಲು ಜಾಗವಿಲ್ಲ, ಮೊದಲ ಹೆಜ್ಜೆಯಲ್ಲೇ ಆಳ, ಬಿದ್ದವರಿಗೆ ಹತ್ತಲು ಹಿಡಿತವಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಅದಕ್ಕಿಂತ ಮೋಸದ್ದು. ಇಳಿಜಾರು ಇದೆ, ಹತ್ತಬಹುದು ಎನಿಸುತ್ತದೆ. ಆದರೆ ಒಂದು ವಾರ ನೀರು ನಿಂತ ಹಾಳೆಯ ಮೇಲೆ ಪಾಚಿಯ ತೆಳುವಾದ ಲೋಳೆ ಕಟ್ಟಿರುತ್ತದೆ. ಈಜು ಗೊತ್ತಿರುವ ದೊಡ್ಡವರೂ ಅದರ ಮೇಲೆ ಒಂದು ಹೆಜ್ಜೆ ಏರಿದರೆ ಎರಡು ಹೆಜ್ಜೆ ಜಾರುತ್ತಾರೆ. ಮನೆಯಲ್ಲಿ ಇಂಥ ಹೊಂಡವಿದ್ದರೆ ಈಜುವುದಿರಲಿ ಬಿಡಲಿ, ಒಂದೊಂದು ಅಡಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ನಾಲ್ಕೂ ಬದಿಯಿಂದ ತಳ ಮುಟ್ಟುವಂತೆ ಇಳಿಬಿಡಿ. ದಡದ ತುದಿಯನ್ನು ಮರಕ್ಕೋ ಹೂತ ಕಂಬಕ್ಕೋ ಬಿಗಿಯಿರಿ.

ಹೊಳೆ, ಕಡಲು ಕಲಿತವರಿಗೆ, ಕಲಿಯುವವರಿಗಲ್ಲ. ಆ ವಿಚಾರ ಕೊನೆಗೆ ಬರುತ್ತದೆ.

ಮಕ್ಕಳು ಬರುವ ಮೊದಲಿನ ಕೆಲಸ

ನೀರು ಕಡಿಮೆ ಇರುವಾಗಲೇ ಹೂಳು ತೆಗೆಸುವುದು ಒಳ್ಳೆಯದು. ಹೂಳು ತೋಟಕ್ಕೂ ಆಯಿತು. ಮೊಣಕಾಲು ಹೂತುಹೋಗುವ ಕೆಸರಿನಲ್ಲಿ ಮಗುವಿಗೆ ನಿಲ್ಲಲು ಬರುವುದಿಲ್ಲ, ನಿಲ್ಲಲು ಬಾರದಿದ್ದರೆ ಹೆದರಿಕೆ ಹೋಗುವುದಿಲ್ಲ. ಹೂಳು ತೆಗೆಸುವಷ್ಟು ಪುರುಸೊತ್ತಿಲ್ಲವೆಂದಾದರೆ ಮೆಟ್ಟಿಲ ಎದುರಿನ ಮೂರು ಮೀಟರ್ ಜಾಗವನ್ನಾದರೂ ಕಬ್ಬಿಣದ ಹಲ್ಲಿನ ಕುಂಟೆಯಿಂದ ಎಳೆದು ಗಾಜಿನ ಚೂರು, ಸೋಗೆಯ ದಂಡು, ಮುಳ್ಳುತಂತಿ ತೆಗೆಯಿರಿ. ಮೆಟ್ಟಿಲುಗಳಿಗೆ ಹೊಯಿಗೆ (ಮರಳು) ಹಾಕಿ ಹಿಡಿಸೂಡಿಯಿಂದ ಉಜ್ಜಿದರೆ ಪಾಚಿ ಬಿಡುತ್ತದೆ. ನಾಲ್ಕು ದಿನಕ್ಕೊಮ್ಮೆ ಮತ್ತೆ ಉಜ್ಜಬೇಕು. ಕೆರೆಬದಿಯಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ನೀರಿನಲ್ಲಲ್ಲ, ಮೆಟ್ಟಿಲಲ್ಲಿ ಜಾರಿ ಆಗುವಂಥವು.

ಪಂಪಿನ ವಿಚಾರದಲ್ಲಿ ಸ್ವಲ್ಪ ನಿಷ್ಠುರರಾಗಿರಿ. ಮಕ್ಕಳು ನೀರಿನಲ್ಲಿರುವಾಗ ಪಂಪು ಓಡಬಾರದು. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಮೈನ್ ಸ್ವಿಚ್ಚನ್ನೇ ಇಳಿಸಿ ಫ್ಯೂಸು ಕಳಚಿ ಕಿಸೆಗೆ ಹಾಕಿಕೊಳ್ಳಿ. ನೀರೊಳಗಿರುವ ಸಬ್‌ಮರ್ಸಿಬಲ್ ಪಂಪಿನ ಕೇಬಲ್‌ ಸಿಪ್ಪೆ ಇಲಿ ಕಡಿದು ಹೋಗಿದ್ದರೆ, ಪಂಪು ಓಡದೆಯೂ ಕೆರೆಗೆ ಕರೆಂಟು ಇಳಿಯಬಹುದು. ಫುಟ್‌ವಾಲ್ವ್ (ಪಂಪು ನೀರೆಳೆಯುವ ಪೈಪಿನ ಬಾಯಿ) ಇರುವ ಮೂಲೆಗೆ ಯಾರನ್ನೂ ಬಿಡಬೇಡಿ. ಓಡುವ ಪಂಪಿನ ಎಳೆತಕ್ಕೆ ಬಟ್ಟೆಯ ಅಂಚೋ ಕೂದಲೋ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.

ಆಳ ಶುರುವಾಗುವಲ್ಲಿ ಅಡ್ಡಕ್ಕೆ ಒಂದು ಹಗ್ಗ ಕಟ್ಟಬೇಕು. ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ, ಮೀಟರಿಗೊಂದರಂತೆ ಮುಚ್ಚಳ ಬಿಗಿದ ಖಾಲಿ ಲೀಟರ್ ಬಾಟಲಿ. ಹಗ್ಗ ಸಡಿಲವಿದ್ದರೆ ಹಿಡಿದ ಮಗುವಿನ ಜೊತೆಗೇ ನೀರೊಳಗೆ ಇಳಿಯುತ್ತದೆ. ದೊಡ್ಡವರೊಬ್ಬರು ನಡುವಿನಲ್ಲಿ ಹಿಡಿದು ಜೋತುಬಿದ್ದರೂ ಒಂದು ಗೇಣಿಗಿಂತ ಹೆಚ್ಚು ತಗ್ಗದ ಹಾಗೆ ಎಳೆದು ಕಟ್ಟಿ.

ದಡದಲ್ಲಿ ಕೈಗೆ ಸಿಗುವಂತೆ ಎರಡು ವಸ್ತು ಯಾವಾಗಲೂ ಇರಲಿ. ಒಂದು, ಬಿದಿರಿನ ದೋಟಿ, ತುದಿಯ ಕತ್ತಿ ಬಿಚ್ಚಿಟ್ಟು. ಕತ್ತಿ ಬಿಚ್ಚಲು ಮರೆಯುವವರು ಬಹಳ ಮಂದಿ. ಅಡಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಗುರವೇನೋ ಹೌದು, ಆದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಕೆರೆಯ ಮೇಲೆ ಲೈನು ಹಾದುಹೋಗಿದ್ದರೆ ಅದನ್ನು ತರಬೇಡಿ. ಇನ್ನೊಂದು, ಹಿಡಿಕೆಯಿರುವ ಐದು ಅಥವಾ ಹತ್ತು ಲೀಟರಿನ ಖಾಲಿ ಕ್ಯಾನಿಗೆ ಕಟ್ಟಿದ ಹದಿನೈದು ಮೀಟರ್ ಹಗ್ಗ. ಕ್ಯಾನಿನೊಳಗೆ ಎರಡು ಲೋಟ ನೀರಿರಲಿ. ಪೂರ್ತಿ ಖಾಲಿ ಕ್ಯಾನು ಗಾಳಿಗೆ ಹಾರಿ ಎಲ್ಲೋ ಬೀಳುತ್ತದೆ.

ನೀರು ಶುದ್ಧವೇ?

ಈ ಪ್ರಶ್ನೆಯನ್ನು ಹಿಂದೆ ಯಾರೂ ಕೇಳುತ್ತಿರಲಿಲ್ಲ. 2024ರಿಂದೀಚೆಗೆ ಕೇರಳದಲ್ಲಿ ಅಮೀಬಿಕ್ ಮೆದುಳುಜ್ವರದ ಸುದ್ದಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈಗ ಕೇಳದೆ ಇರುವಂತಿಲ್ಲ. ಬೆಚ್ಚಗಿನ, ನಿಂತ, ಕಲ್ಮಶದ ನೀರಿನಲ್ಲಿ ಬೆಳೆಯುವ ಈ ಅಮೀಬಾ ನೀರು ಕುಡಿದರೆ ರೋಗ ತರುವುದಿಲ್ಲ. ಮೂಗಿನೊಳಗೆ ರಭಸದಿಂದ ನೀರು ನುಗ್ಗಿದಾಗ ಅಲ್ಲಿಂದ ಮಿದುಳಿಗೆ ಹೋಗುತ್ತದೆ. ರೋಗ ಬರುವುದು ಅಪರೂಪ, ಬಂದರೆ ಉಳಿಯುವವರು ಕಡಿಮೆ. ಆದ್ದರಿಂದ ಒರತೆಯಿಂದ ದಿನವೂ ಹೊಸ ನೀರು ಬರುವ, ತೋಟಕ್ಕೆ ಹಾಕಿ ಹಳೆಯದು ಖಾಲಿಯಾಗುವ ಕೆರೆಯನ್ನೇ ಆರಿಸಿ. ಮೇ ತಿಂಗಳ ಬಿಸಿಲಿಗೆ ಕಾದು, ಹಸಿರು ಕೆನೆ ಕಟ್ಟಿ ಮೊಣಕಾಲಷ್ಟೇ ಉಳಿದ ನೀರು, ದನ ತೊಳೆಯುವ ಮದಕ, ಬಚ್ಚಲ ನೀರು ಸೇರುವ ಹೊಂಡ ಇವು ಬೇಡ. ತಳದ ಕೆಸರು ಕಲಕುವ ಆಟ ಬೇಡ. ಮೂಗಿಗೆ ಹಾಕುವ ರಬ್ಬರಿನ ಕ್ಲಿಪ್ಪು ಸಿಗುತ್ತದೆ. ಪ್ರತಿ ಮಗುವಿಗೂ ಒಂದೊಂದು ತರಿಸಿಕೊಳ್ಳಿ.

ಮೀನಿಲ್ಲದ ಚಿಕ್ಕ ಕೆರೆಯಾದರೆ ಬ್ಲೀಚಿಂಗ್ ಪೌಡರ್ ಹಾಕಬಹುದು. ಬಾವಿಗೆ ಹಾಕುವ ಲೆಕ್ಕವೇ ಇಲ್ಲಿಗೂ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಉದ್ದ 8 ಮೀಟರ್, ಅಗಲ 6, ನೀರು ಒಂದೂವರೆ ಮೀಟರ್ ಇದ್ದರೆ 72 ಸಾವಿರ ಲೀಟರ್, ಅಂದರೆ 180 ಗ್ರಾಂ ಪುಡಿ. ಬಕೆಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಂಜಿಯ ಹದಕ್ಕೆ ಕಲಸಿ, ಆಮೇಲೆ ನೀರು ತುಂಬಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಕೆರೆಗೆ ಸುತ್ತಲೂ ಹೊಯ್ಯಿರಿ. ಸಂಜೆ ಹಾಕಿದರೆ ಮರುದಿನ ಬೆಳಗ್ಗೆ ಇಳಿಯಬಹುದು. ಒಣಗೆಲೆ, ಕೆಸರು ತುಂಬಿದ ಕೆರೆಯಲ್ಲಿ ಕ್ಲೋರಿನ್ನೆಲ್ಲ ಆ ಕಸಕ್ಕೇ ಖರ್ಚಾಗಿಹೋಗುತ್ತದೆ. ಮೊದಲು ಕಸ ತೆಗೆದೇ ಪುಡಿ ಹಾಕಬೇಕು. ಮೀನಿದ್ದರೆ ಈ ಕೆಲಸಕ್ಕೆ ಹೋಗಬೇಡಿ, ಮರುದಿನ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ.

ಕಾಲಿನಲ್ಲಿ ಹಸಿ ಗಾಯವಿದ್ದ ದಿನ ನೀರಿಗಿಳಿಯುವುದು ಬೇಡ. ಇಲಿಜ್ವರ ಬರುವ ದಾರಿ ಅದೇ.

ಹೊತ್ತು, ಬಟ್ಟೆ, ಹೊಟ್ಟೆ

ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ಸಂಜೆ ನಾಲ್ಕರ ಮೇಲೂ ಆದೀತು, ಆದರೆ ಏಪ್ರಿಲ್ ಮೇ ತಿಂಗಳ ಮೋಡ ಕಟ್ಟುವುದೂ ಅದೇ ಹೊತ್ತಿಗೆ. ಗುಡುಗಿನ ಮೊದಲ ಸದ್ದು ಕೇಳಿದ ಕೂಡಲೇ ಎಲ್ಲರೂ ಮೇಲೆ ಬಂದು ಮನೆ ಸೇರಬೇಕು, ತೆಂಗಿನ ಬುಡದಲ್ಲಿ ನಿಲ್ಲುವುದಲ್ಲ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ.

ಕೆರೆಗೆ ಹೋಗುವ ಮೊದಲು ಮಕ್ಕಳ ಮೈಗೆ ತೆಂಗಿನೆಣ್ಣೆ ಹಚ್ಚುವ ಅಜ್ಜಿಯರಿಗೆ ಸಮಾಧಾನದಿಂದ ಹೇಳಿ ಒಪ್ಪಿಸಿ. ಎಣ್ಣೆ ಮೈಯ ಮಗು ಕೈಯಿಂದ ಜಾರುತ್ತದೆ. ಎಣ್ಣೆ ಸ್ನಾನ ಬೇರೆ ದಿನ ಆಗಲಿ. ಬೈರಾಸು (ತೆಳು ಟವೆಲು) ಸುತ್ತಿಕೊಂಡು ಈಜಲಾಗದು, ಅದು ಕಾಲಿಗೆ ತೊಡರುತ್ತದೆ. ಹುಡುಗರಿಗೆ ಬಿಗಿಯಾದ ಚಡ್ಡಿ, ಹುಡುಗಿಯರಿಗೆ ಲೆಗ್ಗಿಂಗ್ ಮತ್ತು ಮೈಗೆ ಅಂಟುವ ಟೀಶರ್ಟು ಸಾಕು. ಬಣ್ಣ ಮುಖ್ಯ. ಕೆರೆಯ ನೀರಿನಲ್ಲಿ ನೀಲಿ, ಹಸಿರು, ಕಂದು ಬಟ್ಟೆ ಒಂದಡಿ ಕೆಳಗಿಳಿದರೆ ಕಾಣುವುದೇ ಇಲ್ಲ. ಕಿತ್ತಳೆ, ಕೆಂಪು, ಕಣ್ಣಿಗೆ ಹೊಡೆಯುವ ಹಳದಿ ಹಾಕಿಸಿ.

ದೋಸೆ, ಇಡ್ಲಿ ತಿಂದು ಒಂದು ಗಂಟೆ ಬಿಟ್ಟರೆ ಸಾಕು. ಹೊಟ್ಟೆ ಬಿರಿಯೆ ಹಲಸಿನ ಹಣ್ಣು ತಿಂದಿದ್ದರೆ ಆ ಹೊತ್ತು ಬಿಡಿ, ಕವುಚಿ ತೇಲುವಾಗ ಎಲ್ಲ ಹೊರಗೆ ಬರುತ್ತದೆ. ಐದಾರು ವರ್ಷದವರಿಗೆ ಅರ್ಧ ಗಂಟೆ, ದೊಡ್ಡ ಮಕ್ಕಳಿಗೆ ಮುಕ್ಕಾಲು ಗಂಟೆ. ತುಟಿ ನೀಲಿಯಾಗಿ ಹಲ್ಲು ಕಟಕಟ ಎಂದರೆ ಅಲ್ಲಿಗೆ ನಿಲ್ಲಿಸಿ. ನಡುಗುವ ಮೈ ಸೆಟೆದಿರುತ್ತದೆ, ಸೆಟೆದ ಮೈ ತೇಲಲು ಕಲಿಯುವುದಿಲ್ಲ.

ನೋಡುವವರು ಯಾರು

ನೀರಿನಲ್ಲಿ ಕಲಿಯುವ ಒಂದು ಮಗುವಿಗೆ ಒಬ್ಬ ದೊಡ್ಡವರು. ಇದಲ್ಲದೆ ದಡದಲ್ಲಿ ಒಬ್ಬರು. ಅವರಿಗೆ ನೋಡುವುದೊಂದೇ ಕೆಲಸ, ಮೊಬೈಲು ಮನೆಯೊಳಗಲ್ಲ, ಕಿಸೆಯಲ್ಲಿರಲಿ, ಕರೆ ಮಾಡಬೇಕಾದೀತು. ಹತ್ತು ಜನ ನೆಂಟರಿರುವಾಗ ಅಪಾಯ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಏಳುವಾಗ ಬಾಯಿಬಿಟ್ಟು ಹೇಳಬೇಕು: “ಭಾವ, ಇನ್ನು ನೀವು ನೋಡಿ.” “ಆಯ್ತು, ನಾನು ನೋಡ್ತೇನೆ.” ಉತ್ತರ ಬಾರದೆ ಜಾಗ ಬಿಡಬಾರದು.

ಮುಳುಗುವವರು ಕೂಗುತ್ತಾರೆ, ಕೈಬೀಸಿ ಕರೆಯುತ್ತಾರೆ ಎಂದು ಕಾಯಬೇಡಿ. ಬಾಯಿ ನೀರಿನ ಮಟ್ಟದಲ್ಲಿ ಏರಿ ಇಳಿಯುವಾಗ ಉಸಿರಿಗೇ ಸಮಯವಿಲ್ಲ, ಕೂಗಲು ಎಲ್ಲಿಯ ಸಮಯ? ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದಿರುವುದು, ಕೂದಲು ಕಣ್ಣಿಗೆ ಬಿದ್ದರೂ ಸರಿಸದಿರುವುದು, ಏಣಿ ಹತ್ತುವವರಂತೆ ಕೈ ಆಡಿಸುತ್ತ ಮುಂದೆ ಹೋಗದಿರುವುದು, ಹೆಸರು ಕರೆದರೆ ಉತ್ತರಿಸದಿರುವುದು: ಇವು ಗುರುತುಗಳು. ಗಲಾಟೆ ಮಾಡುವ ಮಕ್ಕಳ ಬಗ್ಗೆ ಹೆದರಿಕೆ ಬೇಡ. ಸದ್ದು ನಿಂತ ಕಡೆ ನೋಡಿ.

ಮೊದಲ ವಾರ: ಉಸಿರು

ಇಳಿಯುವ ಮೊದಲು ಗಳೆಯಿಂದ ನೀರು ಬಡಿಯಿರಿ. ನೀರೊಳ್ಳೆ ಹಾವಿದ್ದರೆ ಸರಿದುಹೋಗುತ್ತದೆ. ಅದಕ್ಕೆ ವಿಷವಿಲ್ಲ, ಆದರೆ ಮಗು ಅದನ್ನು ಕಂಡು ಹೆದರಿದರೆ ಆ ವಾರದ ಕಲಿಕೆ ಹೋಯಿತು.

ಮಗುವನ್ನು ನೀರೊಳಗಿನ ಮೆಟ್ಟಿಲಲ್ಲಿ ಕೂರಿಸಿ, ಸೊಂಟದವರೆಗೆ ನೀರಿರುವಂತೆ. ಬಾಯಿಂದ ಉಸಿರು ತೆಗೆದುಕೊಂಡು, ಬಾಯಿ ಮುಳುಗಿಸಿ ಬುಳುಬುಳು ಎಂದು ಗುಳ್ಳೆ ಬಿಡಲಿ. ಮೂಗಿಗೆ ಕ್ಲಿಪ್ಪಿದ್ದರೆ ಬಾಯಿಂದಲೇ ಬಿಡಬೇಕು, ಇಲ್ಲದಿದ್ದರೆ ಬಾಯಿ ಮೂಗು ಎರಡರಿಂದಲೂ. ಮರುದಿನ ಮುಖ, ಅದರ ಮರುದಿನ ಇಡೀ ತಲೆ. ತಲೆ ಮೇಲೆತ್ತಿದ ಕೂಡಲೇ ಕೈಯಿಂದ ಮುಖ ಒರೆಸಿಕೊಳ್ಳುವ ಅಭ್ಯಾಸವನ್ನು ಬಿಡಿಸಿ. ಈಜುವಾಗ ಒರೆಸಲು ಕೈ ಖಾಲಿ ಇರುವುದಿಲ್ಲ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಅದರಿಂದಲೇ ಮುಂದಿನ ಅರ್ಧ ತೊಂದರೆಗಳು ಹುಟ್ಟುತ್ತವೆ. ಮಗು ನೀರೊಳಗೆ ಉಸಿರು ಬಿಗಿಹಿಡಿದು, ಮೇಲೆ ಬಂದ ಮೇಲೆ ಬಿಡಲೂ ತೆಗೆದುಕೊಳ್ಳಲೂ ನೋಡುತ್ತದೆ. ಆ ಅರೆಕ್ಷಣದಲ್ಲಿ ಎರಡೂ ಆಗುವುದಿಲ್ಲ. ನಾಲ್ಕು ಸಲ ಹೀಗಾದರೆ ಎದೆ ತುಂಬ ಹಳೆಯ ಗಾಳಿ, ಹೊಸದಕ್ಕೆ ಜಾಗವಿಲ್ಲ, ಏದುಸಿರು. ‘ಐದು ಮೀಟರ್ ಈಜುತ್ತಾನೆ, ಆಮೇಲೆ ಸುಸ್ತು’ ಎನ್ನುವ ಮಕ್ಕಳಿಗೆ ಆಗಿರುವುದು ಸುಸ್ತಲ್ಲ, ಇದು. ನೀರೊಳಗೆ ಬಿಡು, ಮೇಲೆ ತೆಗೆದುಕೋ. ಒಂದೇ ಲಯದಲ್ಲಿ ನಿಲ್ಲಿಸದೆ ಹತ್ತು ಸಲ ಮಾಡುವವರೆಗೆ ಮುಂದಿನ ಪಾಠಕ್ಕೆ ಹೋಗಬೇಡಿ.

ಬೇಜಾರು ಬಾರದಿರಲು ಸ್ಟೀಲಿನ ಲೋಟವೊಂದನ್ನು ತೊಡೆಮಟ್ಟದ ನೀರಿಗೆ ಹಾಕಿ, ಕಣ್ಣು ಬಿಟ್ಟು ಎತ್ತಿ ತರಲು ಹೇಳಿ. ತಳ ಕಲಕದಂತೆ ಮೆಟ್ಟಿಲ ಮೇಲೆಯೇ ಹಾಕಿದರೆ ಸಾಕು.

ತೇಲುವುದು, ಮತ್ತು ಎದ್ದು ನಿಲ್ಲುವುದು

ಅಂಗಾತ ತೇಲುವುದನ್ನು ಮೊದಲು ಕಲಿಸಿ. ಬಾಯಿ ಮೂಗು ಗಾಳಿಯಲ್ಲಿರುವುದರಿಂದ ಆಪತ್ತಿಗೆ ಇದೇ ಆಗುವುದು. ದೊಡ್ಡವರು ಎದೆಮಟ್ಟದ ನೀರಿನಲ್ಲಿ ಮಗುವಿನ ತಲೆಯ ಹಿಂದೆ ನಿಂತು ಒಂದು ಅಂಗೈಯನ್ನು ತಲೆಯ ಹಿಂಬದಿಗೆ, ಇನ್ನೊಂದನ್ನು ಬೆನ್ನಿನ ಎರಡು ಹಲಗೆಗಳ ನಡುವೆ ಇಡಬೇಕು. ಸೊಂಟ ಹಿಡಿಯಬೇಡಿ. ಸೊಂಟ ಹಿಡಿದರೆ ಮಗು ಅಲ್ಲಿಗೇ ಮಡಚಿಕೊಂಡು ಕುರ್ಚಿಯಲ್ಲಿ ಕೂತ ಹಾಗೆ ಆಗುತ್ತದೆ, ಕೂತದ್ದು ಮುಳುಗುತ್ತದೆ. ಕಿವಿ ಎರಡೂ ನೀರೊಳಗೆ, ಗದ್ದ ಸ್ವಲ್ಪ ಮೇಲೆ, ಕಣ್ಣು ತೆಂಗಿನ ಗರಿಯ ಕಡೆ, ಹೊಕ್ಕುಳು ಆಕಾಶಕ್ಕೆ. ಕಿವಿಗೆ ನೀರು ಹೋಗುತ್ತದೆಂದು ಮಗು ತಲೆ ಎತ್ತಿದ ಮರುಕ್ಷಣ ಕಾಲು ಇಳಿಯುತ್ತದೆ. ಎದೆ ತುಂಬ ಉಸಿರು ಹಿಡಿದು ಚಿಕ್ಕ ಚಿಕ್ಕದಾಗಿ ಬದಲಿಸಲು ಹೇಳಿ. ನಮ್ಮನ್ನು ತೇಲಿಸುವುದು ಎದೆಯೊಳಗಿನ ಗಾಳಿ.

ಸಣಕಲು ಹುಡುಗರ ಕಾಲು ಏನು ಮಾಡಿದರೂ ಇಳಿಯುತ್ತದೆ. ತಪ್ಪು ಅವರದಲ್ಲ, ಕಾಲಿನ ಎಲುಬು ಮಾಂಸ ನೀರಿಗಿಂತ ಭಾರ. ಕೈಗಳನ್ನು ತಲೆಯ ಹಿಂದಕ್ಕೆ ಚಾಚಿದರೆ ತೂಕ ಸರಿಹೋಗಿ ಕಾಲು ಸ್ವಲ್ಪ ಏಳುತ್ತದೆ. ಪಾದವನ್ನು ಮೆಲ್ಲಗೆ ಆಡಿಸುತ್ತಿದ್ದರೂ ಸಾಕು. ಆಸರೆಯನ್ನು ಅಂಗೈಯಿಂದ ನಾಲ್ಕು ಬೆರಳಿಗೆ, ನಾಲ್ಕರಿಂದ ಎರಡಕ್ಕೆ ಇಳಿಸುತ್ತ ಬನ್ನಿ. ಬಿಡುವಾಗ ‘ಬಿಡುತ್ತೇನೆ’ ಎಂದು ಹೇಳಿಯೇ ಬಿಡಿ. ಹೇಳದೆ ಕೈ ತೆಗೆದು ಮಗು ಒಮ್ಮೆ ನೀರು ಕುಡಿದರೆ ಮತ್ತೆ ನಿಮ್ಮ ಕೈಯನ್ನು ನಂಬಲು ಒಂದು ವಾರ ಬೇಕು. ಹಿಂದಿನಿಂದ ದೂಡಿ ‘ಕಲಿಯಲಿ’ ಎನ್ನುವ ಚಿಕ್ಕಪ್ಪಂದಿರನ್ನು ಕೆರೆಯಿಂದ ದೂರ ಇಡಿ. ಹಾಗೆ ಕಲಿತವರು ಕಾಣಸಿಗುತ್ತಾರೆ. ಹಾಗೆ ಹೆದರಿ ಜನ್ಮಪೂರ್ತಿ ನೀರಿಗಿಳಿಯದವರು ಕಾಣುವುದಿಲ್ಲ, ಅಷ್ಟೇ.

ಕವುಚಿ ತೇಲಲು ಮೆಟ್ಟಿಲ ಅಂಚು ಹಿಡಿದು ಮುಖ ನೀರಿಗಿಟ್ಟು ಕಾಲು ಬಿಡಲಿ, ಆಮೇಲೆ ಕೈಯೂ ಬಿಡಲಿ. ಇಲ್ಲಿಂದ ಎದ್ದು ನಿಲ್ಲುವುದನ್ನು ಹೆಚ್ಚಿನವರು ಕಲಿಸುವುದೇ ಇಲ್ಲ. ಸೊಂಟದಷ್ಟು ನೀರಿನಲ್ಲಿ ಕವುಚಿ ಬಿದ್ದ ಮಗುವಿಗೆ ಕಾಲು ಕೆಳಗೆ ತರುವ ಉಪಾಯ ಗೊತ್ತಿಲ್ಲದೆ ತಲೆ ಎತ್ತಲು ಹೋಗಿ ಹೋಗಿ ಮುಳುಗುತ್ತದೆ. ಉಪಾಯ ಸುಲಭ: ಎರಡು ಮೊಣಕಾಲನ್ನೂ ಎದೆಗೆ ಎಳೆದುಕೋ, ಚಾಚಿದ ಅಂಗೈಗಳಿಂದ ನೀರನ್ನು ಕೆಳಕ್ಕೆ ಒತ್ತು, ಪಾದ ತಳ ಮುಟ್ಟಿದ ಮೇಲೆ ತಲೆ ಎತ್ತು. ತಲೆ ಕೊನೆಗೆ. ಇದನ್ನು ಮಲಗಿ ಎದ್ದು, ಮಲಗಿ ಎದ್ದು ಪ್ರತಿದಿನ ಹತ್ತು ಸಲ ಮಾಡಿಸಿ. ಕವುಚಿದ್ದಲ್ಲಿಂದ ಅಂಗಾತಕ್ಕೆ ಮಗುಚುವುದನ್ನೂ ಜೊತೆಗೆ ಸೇರಿಸಿ.

ಕಾಯಿ, ಬಾಳೆದಿಂಡು, ಕಾಲು

ಕಾಯಿ ಬೇಡವೆಂದಲ್ಲ. ಅದು ಇರಬೇಕಾದದ್ದು ಸೊಂಟದಲ್ಲಲ್ಲ, ಕೈಯಲ್ಲಿ. ಸೊಂಟಕ್ಕೆ ಕಟ್ಟಿದ್ದು ಹೊಟ್ಟೆಯ ಕಡೆ ಸರಿದರೆ ಬೆನ್ನು ಮೇಲಾಗಿ ತಲೆ ಕೆಳಗಾಗುತ್ತದೆ. ತೋಳಿಗೆ ಹಾಕುವ ಗಾಳಿಯ ಚೀಲದ ದೋಷ ಬೇರೆ: ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ, ಈಜಲು ಮೈ ಅಡ್ಡ ಮಲಗಬೇಕು.

ಸುಲಿಯದ, ಚೆನ್ನಾಗಿ ಒಣಗಿದ ಎರಡು ತೆಂಗಿನಕಾಯಿ ಆರಿಸಿ. ನೀರಿಗೆ ಹಾಕಿದರೆ ಅರ್ಧದಷ್ಟಾದರೂ ಮೇಲೆ ಕಾಣಬೇಕು. ಹಸಿಯಾದದ್ದು ಬರೀ ತೊಟ್ಟು ತೋರಿಸಿಕೊಂಡು ತೇಲುತ್ತದೆ, ಅದರಿಂದ ಆಸರೆಯಿಲ್ಲ. ತೊಟ್ಟಿನ ಕಡೆಯಿಂದ ಎರಡು ಬೆರಳಗಲ ಸಿಪ್ಪೆಯನ್ನು ಬುಡ ಬಿಡದಂತೆ ಎಬ್ಬಿಸಿ, ಎರಡು ಕಾಯಿಯ ಸಿಪ್ಪೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಮೇಲಿಂದ ಹುರಿಹಗ್ಗ ಸುತ್ತಿ. ಮಗು ಗಂಟಿನ ಎರಡೂ ಬದಿಯಲ್ಲಿ ಹಿಡಿದು ಕೈ ನೀಟಾಗಿ ಮುಂದೆ ಚಾಚಿ ಮಲಗಬೇಕು. ದಿನವೂ ಮೇಲೆ ಬಂದ ಕೂಡಲೇ ಕಾಯಿಯನ್ನು ಅಂಗಳದ ಬಿಸಿಲಿಗೆ ಹಾಕಿ. ನೀರು ಹೀರಿಕೊಂಡ ಸಿಪ್ಪೆ ವಾರದೊಳಗೆ ಭಾರವಾಗುತ್ತದೆ. ಎರಡಡಿ ಉದ್ದದ ಬಾಳೆದಿಂಡೂ ಇದೇ ಕೆಲಸಕ್ಕೆ ಆಗುತ್ತದೆ, ಆದರೆ ಕಡಿದ ಬಾಯಿಂದ ಇಳಿಯುವ ಸೊನೆ ಬಟ್ಟೆಗೆ ತಾಗಿದರೆ ಆ ಕಲೆ ಹೋಗುವುದಿಲ್ಲ. ಹಳೆಯ ಅಂಗಿ ಹಾಕಿಸಿ.

ಕಾಲು ಬಡಿಯುವುದು ತೊಡೆಯಿಂದ. ಮೊಣಕಾಲು ಸ್ವಲ್ಪವೇ ಬಾಗಬೇಕು, ಪಾದ ಸಡಿಲವಿದ್ದು ಬೆರಳು ಹಿಂದಕ್ಕೆ ಚಾಚಿರಬೇಕು, ಹಿಮ್ಮಡಿ ನೀರಿನ ಮೇಲ್ಮೈಯನ್ನು ಮುಟ್ಟಿದರೆ ಸಾಕು. ಜಗಲಿ ತೊಳೆಯುವವರಂತೆ ನೀರು ಎರಚಿದರೆ ಶಕ್ತಿ ಗಾಳಿಗೆ ಹೋಯಿತು. ಎಷ್ಟು ಬಡಿದರೂ ಇದ್ದಲ್ಲೇ ಇದ್ದಾನೆಂದರೆ ಪಾದ ಸೆಟೆದು ಕೊಕ್ಕೆಯಾಗಿದೆ ಎಂದು ಅರ್ಥ. ದಡದಲ್ಲಿ ಕೂರಿಸಿ ಪಾದ ಹಿಡಿದು ಅಲುಗಾಡಿಸಿ ಸಡಿಲ ಮಾಡಿ ತೋರಿಸಿ.

ಕಾಯಿ ಬಿಟ್ಟ ಮೇಲೆ ಮೆಟ್ಟಿಲನ್ನು ಕಾಲಿಂದ ಒದ್ದು, ಮುಖ ನೀರಲ್ಲಿಟ್ಟು, ಕೈ ಚಾಚಿ ಎರಡು ಮೀಟರ್ ದೂರದಲ್ಲಿ ನಿಂತ ನಿಮ್ಮ ಕಡೆ ಜಾರಿ ಬರಲಿ. ಬರುತ್ತಿರುವಾಗ ನೀವು ಹಿಂದೆ ಹಿಂದೆ ಸರಿಯಬೇಡಿ, ಅದು ಮಗುವಿಗೆ ಮೋಸ. ಮುಂದಿನ ಸಲ ಮೊದಲೇ ಹೇಳಿ ಮೂರು ಮೀಟರಿನಲ್ಲಿ ನಿಲ್ಲಿ.

ಕೈ, ಮತ್ತು ಹಗ್ಗ ದಾಟುವ ಪರೀಕ್ಷೆ

ಊರಿನ ತಲೆ ಎತ್ತಿದ ಈಜನ್ನು ಹಳಿಯಬೇಕಿಲ್ಲ. ಕೆರೆಯಲ್ಲಿ ಎದುರು ಏನಿದೆಯೆಂದು ಕಾಣುತ್ತದೆ. ಆದರೆ ಕುತ್ತಿಗೆ ಬೇಗ ನೋಯುತ್ತದೆ, ಕಾಲು ಇಳಿಯುತ್ತದೆ. ಮುಖವಿಟ್ಟು ಈಜಲು ಸೊಂಟದ ನೀರಿನಲ್ಲಿ ನಿಂತು ಬಾಗಿಯೇ ಕೈ ಕಲಿಸಿ: ಒಂದು ಕೈ ಮುಂದೆ ಚಾಚಿ ಇಳಿಯಲಿ, ಅಂಗೈ ನೀರನ್ನು ಹೊಟ್ಟೆಯಡಿಯಿಂದ ತೊಡೆಯವರೆಗೆ ಹಿಂದಕ್ಕೆ ತಳ್ಳಲಿ, ಮೊಣಕೈ ಮೊದಲು ಮೇಲೇಳಲಿ. ಉಸಿರಿಗೆ ತಲೆ ಎತ್ತುವುದಲ್ಲ, ತಿರುಗಿಸುವುದು. ಒಂದು ಕಿವಿ ನೀರಲ್ಲೇ ಇರಬೇಕು. ಪ್ರತಿ ಎರಡು ಕೈಗೆ ಒಮ್ಮೆ, ಮಗುವಿಗೆ ಸುಲಭವಾದ ಬದಿಗೆ.

ನಿಂತಲ್ಲೇ ತೇಲುವುದನ್ನು ಹಗ್ಗದ ಪಕ್ಕದಲ್ಲೇ ಕಲಿಸಿ. ಕಾಲು ಸೈಕಲು ತುಳಿಯಲಿ, ಅಂಗೈಗಳು ಎದೆಯ ಮುಂದೆ ನೀರನ್ನು ಹೊರಕ್ಕೆ ಒಳಕ್ಕೆ ಸವರುತ್ತಿರಲಿ. ಕೆಳಕ್ಕೆ ಬಡಿದರೆ ಮೈ ಕುಪ್ಪಳಿಸಿ ಮತ್ತೆ ಇಳಿಯುತ್ತದೆ.

ಹಗ್ಗದಾಚೆ ಯಾರು ಹೋಗಬಹುದೆಂಬುದನ್ನು ವಯಸ್ಸಿನ ಮೇಲೆ, ಹಟದ ಮೇಲೆ ತೀರ್ಮಾನಿಸಬೇಡಿ. ನೀರಿಗಿಳಿದು ತಲೆ ಮುಳುಗಿಸಿ ಮೇಲೆ ಬಂದು, ಒಂದು ನಿಮಿಷ ನಿಂತಲ್ಲೇ ತೇಲಿ, ಒಂದು ನಿಮಿಷ ಅಂಗಾತ ತೇಲಿ, ನಿಲ್ಲದೆ ಇಪ್ಪತ್ತೈದು ಮೀಟರ್ ಈಜಿ, ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತಿ ಬಂದವರಿಗೆ ಅಪ್ಪಣೆ. ಎಂಟು ಮೀಟರಿನ ಕೆರೆಯಲ್ಲಿ ಇದು ಆಳವಿಲ್ಲದ ಬದಿಯಲ್ಲೇ ಮೂರು ಸುತ್ತು ಚಿಲ್ಲರೆ. ಪಾಸಾದವರಿಗೆ ಇನ್ನೊಂದು ದಿನ ಪ್ಯಾಂಟು ಅಂಗಿ ಹಾಕಿಸಿ ಇದನ್ನೇ ಮಾಡಿಸಿ. ಕಾಲು ಜಾರಿ ಬೀಳುವವರು ಈಜುಡುಪು ಹಾಕಿಕೊಂಡು ಬೀಳುವುದಿಲ್ಲ.

ತಲೆ ಕೆಳಗಾಗಿ ಹಾರುವುದಕ್ಕೆ ಕೆರೆಯಲ್ಲಿ ಯಾರಿಗೂ ಅನುಮತಿಯಿಲ್ಲ, ಪಾಸಾದವರಿಗೂ. ತಳದ ಕಲ್ಲು ಕಾಣುವುದಿಲ್ಲ, ನಿನ್ನೆಯ ಆಳ ಇವತ್ತಿಲ್ಲ, ಕುತ್ತಿಗೆಯ ಎಲುಬು ಮುರಿದರೆ ಜೀವಮಾನದ ಕತೆ. ಹಾರುವುದಾದರೆ ಮೂಗು ಹಿಡಿದು ಕಾಲು ಕೆಳಗಾಗಿ.

ಎಡವಟ್ಟಾದರೆ

ಮೊದಲು ದೋಟಿ, ಆಮೇಲೆ ಕ್ಯಾನು. ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ ದೋಟಿ ಚಾಚಬೇಕು, ನಿಂತು ಚಾಚಿದರೆ ಅವರೇ ನಿಮ್ಮನ್ನು ಎಳೆದು ಬೀಳಿಸುತ್ತಾರೆ. ಕ್ಯಾನನ್ನು ಮುಖಕ್ಕಲ್ಲ, ತಲೆಯ ಆಚೆಗೆ ಎಸೆದು ಹಗ್ಗ ಕೈಗೆ ಸಿಗುವಂತೆ ಎಳೆಯಿರಿ. ಈಜು ಬಾರದವರು ಹಾರಬಾರದು. ಒಬ್ಬರನ್ನು ಎತ್ತಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ.

ಮೇಲೆ ತಂದ ಮಗುವಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವುದು ಯಾವುದೂ ಬೇಡ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ, ಸಮಯವೂ ಹೋಗುತ್ತದೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಸಲ ಎದೆ ಏರುವಷ್ಟು ಗಾಳಿ ಊದಿ. ಆಮೇಲೂ ಚಲನೆಯಿಲ್ಲದಿದ್ದರೆ ಎದೆಯ ನಡುವಿನ ಎಲುಬನ್ನು, ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಇನ್ನೊಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ. ಕೆರೆಗೆ ಬರುವ ದಾರಿ ತೋರಿಸಲು ರಸ್ತೆಗೆ ಒಬ್ಬರನ್ನು ಕಳಿಸಿ, ಆಂಬುಲೆನ್ಸು ತೋಟದ ಮಣ್ಣುದಾರಿ ಹುಡುಕುವುದರಲ್ಲೇ ತಡವಾಗುತ್ತದೆ. ಕಣ್ಣು ಬಿಟ್ಟು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಿನ ತೊಂದರೆ ಕೆಲವು ಗಂಟೆ ಕಳೆದು ಬರಬಹುದು.

ಸಣ್ಣ ತೊಂದರೆಗಳಿಗೆ ಸಣ್ಣ ಮದ್ದು. ಮೀನಖಂಡ ಹಿಡಿದುಕೊಂಡರೆ ಅಂಗಾತ ತೇಲಿ ಕಾಲ ಹೆಬ್ಬೆರಳನ್ನು ಮುಖದ ಕಡೆಗೆ ಎಳೆಯಬೇಕು. ಕಿವಿಯ ನೀರಿಗೆ ತಲೆ ಆ ಬದಿಗೆ ವಾಲಿಸಿ ಕಿವಿಯ ಹಾಲೆ ಎಳೆದರೆ ಸಾಕು, ಬಡ್ಸು, ಕಡ್ಡಿ ಹಾಕಬೇಡಿ. ಮೇಲೆ ಬಂದ ಮೇಲೆ ಬಾವಿನೀರಿನಲ್ಲಿ ಸ್ನಾನ. ಈಜಿದ ಎರಡು ವಾರದೊಳಗೆ ಜ್ವರದ ಜೊತೆ ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಕಾಯದೆ ವೈದ್ಯರ ಬಳಿ ಹೋಗಿ ‘ಕೆರೆಯಲ್ಲಿ ಈಜಿದ್ದಾನೆ’ ಎಂದು ನೀವಾಗಿಯೇ ಹೇಳಿ.

ಕೆರೆ ಬಿಟ್ಟು ಆಚೆ

ಪರೀಕ್ಷೆ ದಾಟಿದ ಮಕ್ಕಳನ್ನು ಬುತ್ತಿ ಕಟ್ಟಿಕೊಂಡು ತೋಡಿನ ಕಟ್ಟಕ್ಕೋ ಪಯಸ್ವಿನಿ ಹೊಳೆಗೋ ಕರೆದೊಯ್ಯುವುದುಂಟು. ಬೇಸಗೆಯ ಹೊಳೆ ಮೊಣಕಾಲಷ್ಟೇ ಎನ್ನುವ ಧೈರ್ಯ ಬೇಡ, ಮರಳು ತೆಗೆದ ಗುಂಡಿಗೆ ಒಂದೇ ಹೆಜ್ಜೆ. ದೊಡ್ಡವರು ಗಳೆಯಿಂದ ತಡಕಿ ನೋಡಿದ ಜಾಗದಲ್ಲಷ್ಟೇ ಮಕ್ಕಳು. ಮೇ ತಿಂಗಳಲ್ಲಿ ಸುಳ್ಯದ ಮೇಲಿನ ಘಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ತಿಳಿನೀರು ಕೆಂಪಗಾಗಲು, ಕಸಕಡ್ಡಿ ತೇಲಿಬರಲು ಶುರುವಾದರೆ ಅದೇ ಎಚ್ಚರಿಕೆ. ಸಮುದ್ರಕ್ಕೆ ಹತ್ತಿರದ ಕಡೆಗಳಲ್ಲಿ ಉಬ್ಬರ ಇಳಿತಕ್ಕೆ ಸರಿಯಾಗಿ ಹೊಳೆಯ ಸೆಳೆತ ದಿಕ್ಕು ಬದಲಿಸುತ್ತದೆ.

ಬೇಕಲ, ಕಣ್ವತೀರ್ಥದ ಕಡಲಿನಲ್ಲಿ ಕೆರೆಯ ಈಜು ನಡೆಯುವುದಿಲ್ಲ. ಮೊಣಕಾಲಿನವರೆಗೆ ಮಾತ್ರ, ದೊಡ್ಡವರ ಕೈ ಹಿಡಿದು. ಅಲೆ ಒಡೆಯದೆ ನೀರು ಮಟ್ಟಸವಾಗಿ ಕಾಣುವ ಪಟ್ಟಿಯೇ ಒಳಕ್ಕೆ ಎಳೆಯುವ ಜಾಗ. ಸೆಳೆತಕ್ಕೆ ಸಿಕ್ಕಿದವರು ದಡಕ್ಕೆ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದು ಆಮೇಲೆ ತಿರುಗಬೇಕು. ಮೇ ಕೊನೆಯ ವಾರದಿಂದ ಕಡಲು ಒರಟಾಗುತ್ತದೆ, ಅಷ್ಟರಲ್ಲಿ ಆ ಪ್ರಯಾಣ ಮುಗಿಸಿಕೊಳ್ಳಿ.

ಮಳೆ ಹಿಡಿದ ಮೇಲೆ ಕೆರೆಯ ಪಾಠವೂ ನಿಲ್ಲಬೇಕು. ಎರಡು ಜಡಿಮಳೆಗೆ ಮೆಟ್ಟಿಲು ಮುಳುಗಿ, ನಿಲ್ಲುವ ಜಾಗವೇ ಇಲ್ಲವಾಗುತ್ತದೆ. ನೀರು ಕೆಂಪಾಗಿ ಒಳಗಿನದು ಏನೂ ಕಾಣುವುದಿಲ್ಲ. ಅಡ್ಡಹಗ್ಗ ಬಿಚ್ಚಿ ಒಣಗಿಸಿ ಅಟ್ಟಕ್ಕೆ ಹಾಕಿ. ದೋಟಿ ಮತ್ತು ಕ್ಯಾನು ಮಾತ್ರ ಕೆರೆಬದಿಯಲ್ಲೇ ಇರಲಿ. ಕೆರೆಗೆ ಹೋಗುವ ದಣಪೆಗೆ (ಗೇಟಿಗೆ) ಚಿಲಕ ಹಾಕಿ, ಚಿಲಕ ಮೇಲಿನ ತುದಿಯಲ್ಲಿರಲಿ, ನಾಲ್ಕು ವರ್ಷದ ಮಗುವಿನ ಕೈಗೆ ಎಟುಕದಷ್ಟು ಎತ್ತರಕ್ಕೆ.